ಬೀರುವಿನಲ್ಲಿ ನೀನಿಟ್ಟು ಹೋದ ಮೂರು ಬಾಟಲಿ

ತಿಪಟೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ದೀಪಾವಳಿಗೆ ಬಂದಾಗ ನೀನು ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟು ಹೋದ ಮೂರು ಪುಟ್ಟ ವಿಸ್ಕಿ ಬಾಟಲಿಗಳನ್ನು ಕೊನೆಗೂ ತೆರೆದೆ. ಎರಡು ತಿಂಗಳು ಮುಟ್ಟಿರಲಿಲ್ಲ. "ಕುಡೀಬೇಡಮ್ಮ, ಮೂಸು ಸಾಕು. ಯಾವ ವಾಸನೆ ಅಂತ ನಿನ್ನ ಮಾತಲ್ಲೇ ಬರೆದು ಕಳಿಸು" ಅಂದಿದ್ದೆಯಲ್ಲ, ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇದರ ಜೊತೆಗೆ ಬೇರೆ ಮಾತೂ ಇದೆ. ಅದು ಫೋನಿನಲ್ಲಿ ನನ್ನ ಬಾಯಿಂದ ಹೊರಡುವುದಿಲ್ಲ.

ಕುಡಿತದ ವಾಸನೆ ಅಂದರೆ ನನಗೆ ಗೊತ್ತಿದ್ದದ್ದು ಒಂದೇ. ನಿಮ್ಮ ತಾತನ ಅಂಗಿಯದು. ಪ್ಯಾಕೆಟ್ ಸಾರಾಯಿ. ಅಪ್ಪ ಬಾಗಿಲು ತಟ್ಟುವ ಮೊದಲೇ ಆ ವಾಸನೆ ಮನೆಯೊಳಗೆ ಬರುತ್ತಿತ್ತು. ಅಮ್ಮ ದೀಪ ಸಣ್ಣಗೆ ಮಾಡಿ ನಮ್ಮನ್ನು ಕೋಣೆಗೆ ಕಳಿಸುತ್ತಿದ್ದಳು. ಆಮೇಲೆ ಮೂವತ್ತು ವರ್ಷ ನರ್ಸ್ ಕೆಲಸ. ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ಕಣ್ಣು ಹಳದಿಯಾಗಿ ಬಂದು ಮಲಗುತ್ತಿದ್ದ ಗಂಡಸರಲ್ಲೂ ಅದೇ ವಾಸನೆ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದ ದಿನ ಅಮ್ಮನ ಫೋಟೋಗೆ ಮಲ್ಲಿಗೆ ಹಾಕಿ ಅತ್ತಿದ್ದೆ.

ಅಂಥವಳ ಮಗಳು ಸ್ಕಾಟ್ಲೆಂಡಿನ ಎಡಿನ್‌ಬರೋದ ಹೆರಿಯಟ್-ವಾಟ್ ವಿಶ್ವವಿದ್ಯಾಲಯಕ್ಕೆ ಹೋಗಿ ವಿಸ್ಕಿ ಇಳಿಸುವುದನ್ನು ಓದುತ್ತೇನೆ ಅಂದಾಗ ನನಗೆ ತಡೆದುಕೊಳ್ಳಲು ಆಗಲಿಲ್ಲ. ಮೂರು ವಾರ ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೀದಿಯವರಿಗೆಲ್ಲ "ಫುಡ್ ಟೆಕ್ನಾಲಜಿ" ಅಂತ ಹೇಳಿಕೊಂಡು ಬಂದೆ. ಅದು ನಿನಗೆ ಗೊತ್ತಿತ್ತು. ನೀನು ಒಂದು ಮಾತೂ ಅನ್ನಲಿಲ್ಲ.

ಸರಿ, ಈಗ ನೀನು ಕೊಟ್ಟ ಕೆಲಸ.

ಮೊದಲನೇ ದಿನ ತಪ್ಪು ಮಾಡಿದೆ. ಸಂಜೆ ಸಾರಿಗೆ ಒಗ್ಗರಣೆ ಹಾಕಿ ಬಂದು, ಸ್ಟೀಲ್ ಲೋಟಕ್ಕೆ ಸುರಿದು, ಮೂಗನ್ನು ಒಳಗೇ ಇಟ್ಟುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಇಂಜೆಕ್ಷನ್ ಕೊಡುವ ಮೊದಲು ಹತ್ತಿಯಲ್ಲಿ ಒರೆಸುವ ಸ್ಪಿರಿಟ್ ಬಿಟ್ಟು ಬೇರೇನೂ ಕಾಣಲಿಲ್ಲ. ಮಾರನೇ ದಿನ ನೀನು ಹೇಳಿದ ಹಾಗೇ ಮಾಡಿದೆ. ಬೆಳಿಗ್ಗೆ ಹನ್ನೊಂದು ಗಂಟೆ, ಹೊಟ್ಟೆ ಸ್ವಲ್ಪ ಹಸಿದಿರುವ ಹೊತ್ತು. ಊದುಬತ್ತಿ ಹಚ್ಚಲಿಲ್ಲ, ಹೂ ಮುಡಿಯಲಿಲ್ಲ. ನೀನು ಕೊಟ್ಟ ಗ್ಲಾಸು, ಆ ಹೊಟ್ಟೆ ಅಗಲ, ಬಾಯಿ ಕಿರಿದು ಇರುವುದು, ಅದಕ್ಕೆ 5 ಎಂ.ಎಲ್. ಸಿರಿಂಜಿನಲ್ಲಿ ಅಳೆದು ಹಾಕಿದೆ. ಅಷ್ಟೇ ನೀರನ್ನೂ ಅಳೆದು ಸೇರಿಸಿದೆ. ಬಾಟಲಿಯಲ್ಲಿ ಶೇಕಡ 40 ಇದ್ದ ಆಲ್ಕೋಹಾಲ್ 20ಕ್ಕೆ ಇಳಿಯಿತು. ಅಲ್ಲಿ ಬೇರೆ ಬೇರೆ ವಿಸ್ಕಿ ಸೇರಿಸಿ ಹದ ಮಾಡುವ ಬ್ಲೆಂಡರ್‌ಗಳು ದಿನವೂ ಹೀಗೇ ನೀರು ಬೆರೆಸಿ ಮೂಸುತ್ತಾರೆ, ಕುಡಿಯುವುದಿಲ್ಲ ಅಂತ ನೀನು ಹೇಳಿದ ಮೇಲೇ ಅಲ್ವಾ ನನಗೆ ಸ್ವಲ್ಪ ಧೈರ್ಯ ಬಂದಿದ್ದು. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ನಿಧಾನವಾಗಿ ಉಸಿರು ಎಳೆದುಕೊಂಡೆ. ಮೂಗು ಮಂಕಾದಾಗ ಸೆರಗನ್ನು ಮೂಸಿದರೆ ಮತ್ತೆ ತಿಳಿಯಾಗುತ್ತದೆ. ಅದು ನಾನೇ ಕಂಡುಕೊಂಡದ್ದು.

ಮೊದಲು ಗ್ಲೆನ್‌ಮೊರಂಜಿ ಅನ್ನುವ ಬಾಟಲಿ. ಮೊದಲ ಉಸಿರಿಗೆ ಏನೂ ಇಲ್ಲ. ಎರಡನೆಯದಕ್ಕೆ ಕಸ್ಟರ್ಡ್ ಪುಡಿ. ಮೂರನೆಯದಕ್ಕೆ ನಾನು ಗ್ಲಾಸು ಕೆಳಗಿಟ್ಟುಬಿಟ್ಟೆ. ಕೊಬ್ಬರಿ! ಹಸಿ ತೆಂಗಿನಕಾಯಿ ಅಲ್ಲ, ಉಂಡೆ ಕೊಬ್ಬರಿ. ನಮ್ಮಮ್ಮನ ತವರಿನ ಅಟ್ಟದ ವಾಸನೆ. ಆ ಅಟ್ಟ ನೀನು ನೋಡಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಅವಸರ ಮಾಡುತ್ತಿರಲಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟ ಬಿಡಬೇಕು. ಅಲ್ಲಾಡಿಸಿದಾಗ ಒಳಗೆ ಲೊಟಕ್ ಅಂದರೆ ಆಯಿತು ಅಂತ ಲೆಕ್ಕ. ನಾನು ಏಣಿ ಹತ್ತಿ ಹೋಗಿ ಅಲ್ಲೇ ನಿದ್ದೆ ಮಾಡುತ್ತಿದ್ದೆ. ಮನೆಯಲ್ಲಿ ಅಪ್ಪನ ಗಲಾಟೆ ಜಾಸ್ತಿಯಾದಾಗ ಅಮ್ಮ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದದ್ದು ಆ ಮನೆಗೇ. ಕುಡಿತ ಇಲ್ಲದ ಮನೆಯ ವಾಸನೆ ಒಂದು ವಿಸ್ಕಿ ಗ್ಲಾಸಿನಲ್ಲಿ ಬಂದದ್ದು ಹೇಗೆ ಅಂತ ತುಂಬಾ ಹೊತ್ತು ಯೋಚಿಸಿದೆ.

ನೀನು ಹೇಳಿದ್ದು ಆಮೇಲೆ ನೆನಪಾಯಿತು. ಆ ವಾಸನೆ ಓಕ್ ಮರದ್ದು. ಅಮೆರಿಕದಲ್ಲಿ ಬರ್ಬನ್ ಅನ್ನುವ ಅವರ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು ಅಂತ ಕಾನೂನು. ಒಮ್ಮೆ ಬಳಸಿದ ಪೀಪಾಯಿ ಅವರಿಗೆ ಮತ್ತೆ ಬರ್ಬನ್ನಿಗೆ ಆಗುವುದಿಲ್ಲ, ಅದು ಸ್ಕಾಟ್ಲೆಂಡಿಗೆ ಬರುತ್ತದೆ. ಮರದಲ್ಲಿರುವ ಲ್ಯಾಕ್ಟೋನ್ ಅನ್ನುವ ಅಂಶ ಕೊಬ್ಬರಿಯ ವಾಸನೆ ಕೊಡುತ್ತದೆ, ತೆಂಗಿನಕಾಯಿಯಲ್ಲೂ ಲ್ಯಾಕ್ಟೋನ್‌ಗಳೇ ಇವೆ ಅಂದಿದ್ದೆ. ಸ್ಕಾಚ್ ಅಂತ ಕರೆಸಿಕೊಳ್ಳಲು ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ, ಅದೂ ಸ್ಕಾಟ್ಲೆಂಡಿನಲ್ಲೇ ಕೂತಿರಬೇಕು. ಈ ಕಾಯುವಿಕೆ ನನಗೆ ಅರ್ಥವಾಗುತ್ತದೆ. ನಾವು ಅಟ್ಟದವರು.

ಗ್ಲೆನ್‌ಮೊರಂಜಿಯ ಬಗ್ಗೆ ಇನ್ನೊಂದು. ಹತ್ತು ನಿಮಿಷ ಸುಮ್ನೆ ಬಿಟ್ಟು ಮತ್ತೆ ಮೂಸಿದರೆ ಕಿತ್ತಳೆ ಸಿಪ್ಪೆ, ಅದರ ಹಿಂದೆ ಹಣ್ಣಾದ ಬಾಳೆ. ಬಾಳೆಹಣ್ಣಿನ ವಾಸನೆ ಹುಳಿ ಬರಿಸುವಾಗ ಯೀಸ್ಟ್ ಕೊಡುವುದು, ಮರ ಕೊಡುವುದಲ್ಲ ಅಂತ ಬರೆದುಕೊಂಡಿದ್ದೇನೆ. ಸರಿ ತಾನೇ?

ಎರಡನೆಯದು ಗ್ಲೆನ್‌ಫಾರ್ಕ್ಲಸ್. ಇದು ಸ್ಪೇನಿನ ಶೆರಿ ಅನ್ನುವ ವೈನಿನ ಪೀಪಾಯಿಯಲ್ಲಿ ಕೂತದ್ದು. ನಿಮ್ಮ ಕ್ಲಾಸಿನ ಪಟ್ಟಿಯಲ್ಲಿ ಇದಕ್ಕೆ ಕ್ರಿಸ್ಮಸ್ ಕೇಕ್ ಅಂತ ಇದೆ. ನಾನು ಆ ಕೇಕ್ ತಿಂದವಳಲ್ಲ. ನನಗೆ ಬಂದದ್ದು ಬಾಣಂತಿ ಲೇಹ್ಯ. ಉತ್ತುತ್ತೆ, ಒಣದ್ರಾಕ್ಷಿ, ಕರಿ ಬೆಲ್ಲ, ಕೊನೆಗೆ ಸ್ವಲ್ಪ ಒಣಶುಂಠಿ. ನೀನು ಹುಟ್ಟಿದಾಗ ನಮ್ಮಮ್ಮ ಕಬ್ಬಿಣದ ಬಾಣಲೆಯಲ್ಲಿ ಕೆದಕಿ ಮಾಡಿದ್ದಳಲ್ಲ, ಆ ಡಬ್ಬಿಯ ಮುಚ್ಚಳ ತೆಗೆದ ಹಾಗಿತ್ತು. ನಿನ್ನ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೋ. ನಿನ್ನ ಮೇಷ್ಟ್ರಿಗೆ ತಿಳಿಯದಿದ್ದರೆ ಲೇಹ್ಯ ಅಂದರೆ ಏನು ಅಂತ ನೀನೇ ಬಿಡಿಸಿ ಹೇಳು.

ಮೂರನೆಯದು ಲಫ್ರೋಯ್ಗ್. ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯಬೇಕು.

ಮುಚ್ಚಳ ತಿರುಗಿಸಿದ ಕೂಡಲೇ, ಗ್ಲಾಸಿಗೆ ಹಾಕುವ ಮೊದಲೇ, ನಾನು ಡ್ರೆಸ್ಸಿಂಗ್ ರೂಮಿನಲ್ಲಿ ನಿಂತಿದ್ದೆ. ಟಿಂಚರ್ ಅಯೋಡಿನ್, ಬ್ಯಾಂಡೇಜ್ ಬಟ್ಟೆ, ಲೈಸಾಲ್ ಹಾಕಿ ಒರೆಸಿದ ನೆಲ. ಇದನ್ನು ದುಡ್ಡು ಕೊಟ್ಟು ಯಾರು ಕುಡಿಯುತ್ತಾರೆ ಅಂತ ಎಷ್ಟೋ ಜನಕ್ಕೆ ಅನಿಸಬಹುದು. ನನಗೆ ಹಾಗೆ ಅನಿಸಲಿಲ್ಲ. ಅದು ನನ್ನ ಕೆಲಸದ ವಾಸನೆ. ನಿಮ್ಮಪ್ಪ ಹೋದ ಮೇಲೆ ನಿನ್ನನ್ನು ಓದಿಸಿದ ವಾಸನೆ.

ಇದನ್ನು ಮಾಡುವ ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಬಾರ್ಲಿಯ ಮೊಳಕೆಯನ್ನು ಪೀಟ್ ಹೊಗೆಯಲ್ಲಿ ಒಣಗಿಸುತ್ತಾರೆ, ಸಾವಿರಾರು ವರ್ಷ ಜೌಗಿನಲ್ಲಿ ಕೂತು ಕಪ್ಪಾದ ಪಾಚಿ, ಗಿಡಗಂಟಿ ಅದು, ಅದರ ಹೊಗೆಯಿಂದ ಫೀನಾಲ್, ಕ್ರೆಸಾಲ್ ಕಾಳಿಗೆ ಅಂಟುತ್ತವೆ ಅಂದೆಯಲ್ಲ. ಲೈಸಾಲ್‌ನಲ್ಲಿ ಇದ್ದದ್ದೂ ಕ್ರೆಸಾಲ್. ಫೀನಾಲ್ ಅಂದರೆ ನಾವು ನರ್ಸಿಂಗ್‌ನಲ್ಲಿ ಓದಿದ ಕಾರ್ಬಾಲಿಕ್ ಆಸಿಡ್. ಅದನ್ನು ಗಾಯಕ್ಕೆ ಹಚ್ಚಿ ಕೀವಾಗದ ಹಾಗೆ ಮಾಡಿದ್ದು ಜೋಸೆಫ್ ಲಿಸ್ಟರ್, 1865ರಲ್ಲಿ. ಗಾಡಿ ಕಾಲಿನ ಮೇಲೆ ಹರಿದು ಮೂಳೆ ಮುರಿದಿದ್ದ 11 ವರ್ಷದ ಹುಡುಗ. ಕಾಲು ಉಳಿಯಿತು. ಎಲ್ಲಿ ಗೊತ್ತಾ? ಗ್ಲಾಸ್ಗೋ ರಾಯಲ್ ಇನ್‌ಫರ್ಮರಿಯಲ್ಲಿ. ನೀನಿರುವ ಊರಿಂದ ರೈಲಿನಲ್ಲಿ ಒಂದು ಗಂಟೆ. ಲಿಸ್ಟರ್ ಪಾಠವನ್ನು ನಾನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ. ಬಿಡುವಾದಾಗ ಒಮ್ಮೆ ಅಲ್ಲಿಗೆ ಹೋಗಿ, ಗೇಟಿನ ಹೊರಗೆ ನಿಂತಾದರೂ ನೋಡಿ ಬಾ, ನನ್ನ ಪರವಾಗಿ.

ನೀರು ಸೇರಿಸಿದ ಮೇಲೆ ಆಸ್ಪತ್ರೆ ಹಿಂದಕ್ಕೆ ಹೋಗಿ ಹೊಗೆ ಮೇಲೆ ಬಂತು. ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಇದನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಅಂದಿದ್ದೆ: ನೀರು ಬೆರೆತಾಗ ಹೊಗೆ ವಾಸನೆಯ ಗ್ವಾಯಕಾಲ್ ಮೇಲ್ಭಾಗಕ್ಕೆ ಬರುತ್ತದೆ ಅಂತ. ನನ್ನ ಮೂಗಿಗೆ ಬಂದದ್ದು ಬಚ್ಚಲ ಹಂಡೆಯ ಹೊಗೆ. ಒಲೆಗೆ ತೆಂಗಿನ ಮಟ್ಟೆ ತುರುಕಿ, ಊದುಗೊಳವೆಯಲ್ಲಿ ಊದಿ, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತ ಹಬ್ಬದ ಬೆಳಗು.

ಆ ದಿನ ನಾಲಿಗೆಗೂ ಹಾಕಿಕೊಂಡೆ. ಸಿರಿಂಜಿನಲ್ಲಿ ಐದು ಹನಿ. ಮೊದಲ ಹನಿ ಉರಿಯಿತು. ಆಮೇಲೆ ಸಿಹಿ, ಆಮೇಲೆ ಉಪ್ಪುಪ್ಪು, ಆಮೇಲೆ ಬೂದಿ. ಅರ್ಧ ಗಂಟೆಯಾದರೂ ಗಂಟಲಲ್ಲಿ ಹೊಗೆ ಹೋಗಲಿಲ್ಲ. ಅಷ್ಟೇ. ಮತ್ತೆ ಹಾಕಿಕೊಳ್ಳುವುದಿಲ್ಲ, ನನಗೆ ಮೂಗೇ ಸಾಕು.

ಈಗ ನರ್ಸ್ ಮಾತು ಕೇಳು. ಇಷ್ಟೆಲ್ಲ ವಾಸನೆ ಇದ್ದರೂ ಲಿವರಿಗೆ ಇದು ಯಾವುದೂ ತಿಳಿಯುವುದಿಲ್ಲ. ಪ್ಯಾಕೆಟ್ ಸಾರಾಯಿ, ಹನ್ನೆರಡು ವರ್ಷದ ಸ್ಕಾಚ್, ಅದಕ್ಕೆ ಎರಡೂ ಒಂದೇ. ನೆಗಡಿಗೆ ಒಳ್ಳೆಯದು, ಹೃದಯಕ್ಕೆ ಒಳ್ಳೆಯದು ಅನ್ನುವವರ ಮಾತು ಕೇಳಬೇಡ. ಕ್ಲಾಸಿನಲ್ಲಿ ರುಚಿ ನೋಡಿ ಉಗಿಯುವುದಕ್ಕೆ ಬಕೆಟ್ ಇಟ್ಟಿರುತ್ತಾರೆ ಅಂದಿದ್ದೆಯಲ್ಲ, ನಾಚಿಕೆ ಪಡದೆ ಉಗಿ. ಊಟ ಬಿಡಬೇಡ. ನಿಮ್ಮ ತಾತನ ರಕ್ತ ನಿನ್ನಲ್ಲೂ ಇದೆ. ಅದನ್ನು ಮಾತ್ರ ಮರೆಯಬೇಡ.

ಓದು ಮುಗಿದ ಮೇಲೆ ಬೆಂಗಳೂರಿಗೆ ಬರುವ ಯೋಚನೆ ಇದೆ ಅಂದಿದ್ದೆ. ಬೆಂಗಳೂರಿನ ಅಮೃತ್ ಕಂಪನಿಯವರು ನಮ್ಮ ಸಿಂಗಲ್ ಮಾಲ್ಟನ್ನು, ಅಂದರೆ ಒಂದೇ ಕಡೆ ಬರೀ ಬಾರ್ಲಿ ಮೊಳಕೆಯಿಂದ ಇಳಿಸಿದ ವಿಸ್ಕಿಯನ್ನು, 2004ರಲ್ಲಿ ಮೊದಲು ಮಾರಿದ್ದೇ ಗ್ಲಾಸ್ಗೋದಲ್ಲಿ ಅಂತ ನೀನು ಹೇಳಿದಾಗ ನಾನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. ಅಲ್ಲಿಯ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡ 2 ಆವಿಯಾದರೆ ಬೆಂಗಳೂರಿನಲ್ಲಿ 10ಕ್ಕೂ ಜಾಸ್ತಿ, ಅದಕ್ಕೇ ಇಲ್ಲಿ ಬೇಗ ಹದಕ್ಕೆ ಬರುತ್ತದೆ, ಬೇಗ ಖಾಲಿಯೂ ಆಗುತ್ತದೆ ಅಂದೆ. ಈಗ ಅದೆಲ್ಲ ಇನ್ನೊಮ್ಮೆ ಹೇಳು, ಕೇಳುತ್ತೇನೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬಂದರೆ ನನಗೆ ಸಂತೋಷ.

ಮೂರು ಬಾಟಲಿಯಲ್ಲೂ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಮುಚ್ಚಳ ಬಿಗಿಯಾಗಿ ಹಾಕಿ ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಸೀರೆಗಳ ಹಿಂದೆ ಇಟ್ಟಿಲ್ಲ.

ನಿನ್ನೆ ಎದುರುಮನೆ ಅಜ್ಜಿ ಬಂದಿದ್ದರು. ಲಫ್ರೋಯ್ಗ್ ಗ್ಲಾಸು ತೊಳೆಯದೆ ಮೇಜಿನ ಮೇಲೇ ಇತ್ತು, ಒಣಗಿತ್ತು. "ಏನೇ ಇದು, ಹಂಡೆ ಒಲೆ ವಾಸನೆ" ಅಂದರು. ನಿನ್ನ ಓದಿನ ವಿಷಯ ಹೇಳಿದೆ. ಫುಡ್ ಟೆಕ್ನಾಲಜಿ ಅಲ್ಲ, ವಿಸ್ಕಿ ಮಾಡುವುದನ್ನು ಕಲಿಯುತ್ತಿದ್ದಾಳೆ ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗ್ಲಾಸು ಕೈಗೆ ತೆಗೆದುಕೊಂಡು ಇನ್ನೊಂದು ಸಲ ಮೂಸಿದರು.

ಸ್ವೆಟರ್ ಹಾಕಿಕೋ.

ನಿನ್ನ
ಅಮ್ಮ