ಕುಣಿಯುವ ಉಡುಪನ್ನು ನಿಂತ ಚಿತ್ರದಲ್ಲಿ ಅಳೆಯಬಾರದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇಂದಿನ ಪ್ರಮುಖ ಬೆಲ್ಲಿ ಡ್ಯಾನ್ಸ್ ಕಲಾವಿದೆಯರ ವೇದಿಕೆಯ ಉಡುಪುಗಳ ಬಗ್ಗೆ ಬಂದ ಸಚಿತ್ರ ಲೇಖನವನ್ನು ಓದಿದೆ. ನಾಟಕ ಮತ್ತು ನೃತ್ಯ ತಂಡಗಳಿಗೆ ಹಲವು ವರ್ಷ ಉಡುಪು ಹೊಲಿದವಳಾದ್ದರಿಂದ, ಇಂಥ ಚಿತ್ರ ಕಂಡಾಗ ನನ್ನ ಕಣ್ಣು ಮುಖಕ್ಕಿಂತ ಮೊದಲು ಹೊಲಿಗೆಯ ಮೇಲೆ ಬೀಳುತ್ತದೆ. ಚಿತ್ರಗಳು ಸೊಗಸಾಗಿದ್ದವು. ಆದರೆ ಲೇಖನವು ಈ ಉಡುಪನ್ನು ಒಮ್ಮೆ ಪ್ರಾಚೀನ ಈಜಿಪ್ಟಿನ ದೊರೆಗಳಾದ ಫೇರೋಗಳ ಕಾಲದ್ದೆಂದೂ ಇನ್ನೊಮ್ಮೆ ಬರೀ ಮಿಂಚಿನ ಆಡಂಬರವೆಂದೂ ಬಣ್ಣಿಸಿದ್ದು ನನಗೆ ಸರಿಕಾಣಲಿಲ್ಲ.

ಮೊದಲನೆಯದು ವಯಸ್ಸಿನ ಮಾತು. ಮಣಿ ಪೋಣಿಸಿದ ಎದೆಕವಚ, ಸೊಂಟಪಟ್ಟಿ, ತೆಳು ಲಂಗ ಸೇರಿದ, ಅರಬ್ಬಿಯಲ್ಲಿ ‘ಬದ್ಲಾ’ ಎಂದು ಕರೆಯುವ ಜೋಡಿ ಉಡುಪಿಗೆ ಇನ್ನೂ ಹೆಚ್ಚೆಂದರೆ ನೂರು ಚಿಲ್ಲರೆ ವರ್ಷ. 1893ರಲ್ಲಿ ಷಿಕಾಗೋದ ವಿಶ್ವಮೇಳದಲ್ಲಿ ಕುಣಿದು ಅಮೆರಿಕನ್ನರನ್ನು ಬೆಚ್ಚಿಬೀಳಿಸಿದ ನರ್ತಕಿಯರು ಹೊಟ್ಟೆ ಬಿಟ್ಟವರಲ್ಲ. ಅಂಗಿಯ ಮೇಲೆ ಬಿಗಿ ಜಾಕೀಟು, ಅದರ ಕೆಳಗೆ ಉದ್ದ ಲಂಗ ತೊಟ್ಟವರು. ಮನೆಯ ಸಮಾರಂಭಗಳಲ್ಲಿ ಇಂದಿಗೂ ಈಜಿಪ್ಟಿನ ಹೆಂಗಸರು ಮೈತುಂಬ ಬಟ್ಟೆಯಲ್ಲಿಯೇ, ಸೊಂಟಕ್ಕೊಂದು ವಸ್ತ್ರ ಬಿಗಿದುಕೊಂಡು ಕುಣಿಯುತ್ತಾರೆ. ಇಂದು ನಾವು ಗುರುತಿಸುವ ರೂಪಕ್ಕೆ ನೆಲೆ ಸಿಕ್ಕಿದ್ದು ನರ್ತಕಿ ಬದಿಯಾ ಮಸಾಬ್ನಿ 1926ರಲ್ಲಿ ಕೈರೋದಲ್ಲಿ ತೆರೆದ ಮನರಂಜನಾ ಗೃಹದಂಥ ವೇದಿಕೆಗಳಲ್ಲಿ. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಅವರಂಥ ಕಲಾವಿದೆಯರು ಬೆಳೆದದ್ದು ಅಲ್ಲಿಯೇ. ಪೂರ್ವದೇಶವೆಂದರೆ ಹೀಗಿರುತ್ತದೆ ಎಂದು ಹಾಲಿವುಡ್ ಮತ್ತು ಯುರೋಪಿನ ರಂಗಭೂಮಿ ಕಲ್ಪಿಸಿಕೊಂಡಿದ್ದ ವೇಷವನ್ನು ಕೈರೋದ ವೇದಿಕೆ ತನ್ನದಾಗಿಸಿಕೊಂಡಿತು ಎನ್ನುವುದು ಈ ಕಥೆಯ ವಿಚಿತ್ರ ತಿರುವು.

ಎರಡನೆಯ ಮಾತು ನನಗೆ ಹೆಚ್ಚು ಮುಖ್ಯ. ಮನೆಯೊಳಗೆ ನಾಲ್ಕು ಮೊಳ ದೂರದಿಂದ ನೋಡುವ ಕುಣಿತ ವೇದಿಕೆ ಹತ್ತಿದಾಗ ಒಂದು ತೊಡಕು ಹುಟ್ಟುತ್ತದೆ. ಈ ನೃತ್ಯದ ಸೊಗಸೆಲ್ಲ ಸಣ್ಣ ಚಲನೆಗಳಲ್ಲಿದೆ; ಸೊಂಟದ ಒಂದು ಪಕ್ಕ ಎರಡು ಬೆರಳಿನಷ್ಟು ಏರಿ ಇಳಿಯುವುದು, ಇಡೀ ಮೈ ನಿಂತಲ್ಲೇ ನಡುಗುವುದು ಕೊನೆಯ ಸಾಲಿನವರಿಗೆ ಕಾಣುವುದಾದರೂ ಹೇಗೆ? ಸೊಂಟಪಟ್ಟಿಯಿಂದ ಇಳಿಬಿಟ್ಟ ಮಣಿಕುಚ್ಚು ಮಾಡುವ ಕೆಲಸ ಇದೇ. ಸೊಂಟ ಒಂದಂಗುಲ ಅಲುಗಿದರೆ ಕುಚ್ಚಿನ ತುದಿ ಒಂದು ಗೇಣು ತೂಗುತ್ತದೆ; ಸೊಂಟ ತಟ್ಟನೆ ನಿಂತಾಗ ಕುಚ್ಚು ಇನ್ನೂ ಒಂದು ಕ್ಷಣ ತೂಗಿ, ತಾಳದ ನಿಲುಗಡೆಯನ್ನು ಕಣ್ಣಿಗೆ ತೋರಿಸುತ್ತದೆ. ಕುಚ್ಚಿನ ಉದ್ದ, ಎಳೆಗಳ ನಡುವಿನ ಅಂತರ, ತುದಿಯಲ್ಲಿ ಕಟ್ಟುವ ಮಣಿಯ ತೂಕ ಇವೆಲ್ಲ ಅಂದಕ್ಕಾಗಿ ಮಾತ್ರ ತೀರ್ಮಾನವಾಗುವುದಿಲ್ಲ. ಎಳೆ ಹಗುರವಾದರೆ ಅದು ತಾಳ ಮರೆತು ಹಾರಾಡುತ್ತದೆ, ಭಾರವಾದರೆ ನಡುಕವನ್ನೇ ನುಂಗಿಬಿಡುತ್ತದೆ. ಪಟ್ಟಿಯೊಳಗೆ ಗಟ್ಟಿ ಬಟ್ಟೆಯ ಅಸ್ತರು ಕೊಟ್ಟು, ಸೊಂಟದ ಎಲುಬಿನ ಮೇಲೆ ಕದಲದಂತೆ ಕೂರಿಸಿ, ಹುಕ್ಕುಗಳ ಮೇಲೆ ನಂಬಿಕೆ ಸಾಲದೆ ಪಿನ್ನುಗಳನ್ನೂ ಚುಚ್ಚುತ್ತಾರೆ. ಪಟ್ಟಿ ಜಾರಿದರೆ ಮಾನದ ಮಾತು ಹಾಗಿರಲಿ, ಲಯವೇ ಕೆಡುತ್ತದೆ. ನಿಂತ ಭಂಗಿಯ ಛಾಯಾಚಿತ್ರದಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಉಳಿಯುವುದು ಮಿಂಚು ಮತ್ತು ಮೈ ಎರಡೇ, ಲೇಖನಕ್ಕೆ ಕಂಡದ್ದೂ ಅವೆರಡೇ.

ಈ ದೃಷ್ಟಿಯಿಂದ ನೋಡಿದರೆ ದೀನಾ ಅವರ ಉಡುಪುಗಳ ಬಗ್ಗೆ ಲೇಖನ ಮಾಡಿದ ಟೀಕೆ ಅರ್ಧ ಸತ್ಯವಾಗುತ್ತದೆ. ಕೈರೋದ ಈ ಹಿರಿಯ ತಾರೆಯ ಬಟ್ಟೆ ಚಿಕ್ಕದು, ಧೈರ್ಯದ್ದು ಎನ್ನುವುದು ಈಜಿಪ್ಟಿನಲ್ಲೂ ಹಳೆಯ ದೂರು. (ಅವರು ತತ್ತ್ವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರೆಂಬುದನ್ನು ದೂರುವವರು ಸಾಮಾನ್ಯವಾಗಿ ಹೇಳುವುದಿಲ್ಲ.) ಆದರೆ ಕುಚ್ಚಿನ ಹೊರೆ ಇಳಿಸಿ, ಮೈಗಂಟುವ ಲೈಕ್ರಾ ಬಟ್ಟೆಯನ್ನು ಬಳಸುವ ಪದ್ಧತಿ ಹಬ್ಬಿದಾಗ ನೃತ್ಯವೂ ಬದಲಾಯಿತು. ಚಲನೆಯನ್ನು ದೊಡ್ಡದಾಗಿಸುವ ಮಣಿಗಳಿಲ್ಲದ ಕಡೆ ಸ್ನಾಯುವೇ ಎಲ್ಲವನ್ನೂ ಹೇಳಬೇಕು, ತಪ್ಪು ಮಾಡಿದರೆ ಮುಚ್ಚಿಕೊಳ್ಳಲು ಜಾಗವಿಲ್ಲ. ಇನ್ನೊಂದು ತುದಿಯಲ್ಲಿ ಈಜಿಪ್ಟಿನ ಇನ್ನೊಬ್ಬ ಹಿರಿಯ ನರ್ತಕಿ ಫೀಫಿ ಅಬ್ದೂ ಇದ್ದಾರೆ. ಗಲಾಬಿಯ್ಯಾ ಎಂಬ, ಕಾಲಿನವರೆಗೆ ಇಳಿಯುವ ಸಾದಾ ನಿಲುವಂಗಿ ತೊಟ್ಟು, ಸೊಂಟಕ್ಕೆ ವಸ್ತ್ರ ಕಟ್ಟಿ ನಿಂತಲ್ಲೇ ಅವರು ಕುಣಿದ ‘ಬಲದಿ’ ಎಂಬ ದೇಸಿ ನೃತ್ಯವನ್ನು ನೋಡಿದವರಿಗೆ, ಬಟ್ಟೆಯ ಅಳತೆಗೂ ನೃತ್ಯದ ಮಾದಕತೆಗೂ ನಂಟಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಬಟ್ಟೆಯ ಅಳತೆಯನ್ನು ಯಾರೂ ಅಳೆಯುವುದಿಲ್ಲವೆಂದಲ್ಲ. ಈಜಿಪ್ಟಿನಲ್ಲಿ 1950ರ ದಶಕದಲ್ಲಿಯೇ ಹೊಟ್ಟೆ ಮುಚ್ಚಿರಬೇಕೆಂಬ ಕಟ್ಟಳೆ ಬಂದಿತು. ದರ್ಜಿಗಳು ಕಾಣಿಸಿಯೂ ಕಾಣಿಸದಂಥ ತೆಳು ಜಾಲರಿಬಟ್ಟೆಯನ್ನು ಹೊಟ್ಟೆಯ ಮೇಲೆ ಹೊಲಿದು ಅದಕ್ಕೆ ಉತ್ತರಿಸಿದರು. ಕಟ್ಟಳೆಯಿಂದ ಹುಟ್ಟಿದ ಆ ಜಾಲರಿಯ ಮೇಲೆ ಈಗ ಹರಳು ಅಂಟಿಸಿ ಅದನ್ನೂ ಅಲಂಕಾರವಾಗಿಸಿದ್ದಾರೆ. ವೃತ್ತಿನರ್ತಕಿಯರಿಗೆ ಅಲ್ಲಿ ಪರವಾನಗಿ ಬೇಕು, ಉಡುಪಿನ ತಪಾಸಣೆಯೂ ಉಂಟು. 2015ರಲ್ಲಿ ಅರ್ಮೇನಿಯಾ ಮೂಲದ ಪ್ರಸಿದ್ಧ ನರ್ತಕಿಯೊಬ್ಬರಿಗೆ ರಾಷ್ಟ್ರಧ್ವಜದ ಬಣ್ಣಗಳ ಉಡುಪು ತೊಟ್ಟರೆಂಬ ಕಾರಣಕ್ಕೆ ಅಲ್ಲಿನ ನ್ಯಾಯಾಲಯ ಆರು ತಿಂಗಳ ಸೆರೆವಾಸ ವಿಧಿಸಿತ್ತು. ಉಡುಪಿನ ಬಗ್ಗೆ ಹಗುರವಾಗಿ ಬರೆಯುವಾಗ ಇದು ನೆನಪಿನಲ್ಲಿರುವುದು ಒಳ್ಳೆಯದು.

ಲೇಖನವು ‘ಅತಿ’ ಎಂದು ಕರೆದ ಉಡುಪು ಬದಲಾವಣೆಗೂ ಕಾರಣವಿದೆ. ಕೈರೋದ ಪೂರ್ಣ ಪ್ರದರ್ಶನವೊಂದರಲ್ಲಿ ಕಲಾವಿದೆ ಮೊದಲು ಮುಸುಕುವಸ್ತ್ರ ಬೀಸುತ್ತ, ವಾದ್ಯವೃಂದದ ಅಬ್ಬರದೊಂದಿಗೆ ಪ್ರವೇಶಿಸುತ್ತಾಳೆ. ನಡುವೆ ದಕ್ಷಿಣ ಈಜಿಪ್ಟಿನ ಕೋಲಿನ ಕುಣಿತ ಬಂದರೆ ಅದಕ್ಕೆ ಉದ್ದನೆಯ ಜಾನಪದ ಅಂಗಿ ಬೇಕು. ಕೊನೆಗೆ ತಬಲಾ ಒಂದೇ ನುಡಿಯುವಾಗ ಮತ್ತೆ ಬದ್ಲಾ ಬೇಕು. (ತಬಲಾ ಎಂದರೆ ಅಲ್ಲಿ ಕಂಕುಳಲ್ಲಿಟ್ಟು ನುಡಿಸುವ ಹೂಜಿಯಾಕಾರದ ವಾದ್ಯ.) ಈಜಿಪ್ಟಿನ ಜಾನಪದ ನೃತ್ಯ ತಂಡವಾದ ರೆಡಾ ತಂಡದಲ್ಲಿ ಪಳಗಿದ ರಾಂಡಾ ಕಾಮೆಲ್, ಬ್ರೆಜಿಲಿನಿಂದ ಬಂದು ಕೈರೋದಲ್ಲಿ ಹೆಸರು ಮಾಡಿದ ಸೊರಾಯಾ ಝಾಯೆದ್ ಅವರಂಥವರು ಈ ಪದ್ಧತಿಯಲ್ಲಿ ಬೆಳೆದವರು. ಟರ್ಕಿಯ ನರ್ತಕಿ ದಿದೆಮ್ ಅವರ, ತೊಡೆಯವರೆಗೆ ಸೀಳಿದ ಲಂಗವನ್ನು ಇದರೊಂದಿಗೆ ಬೆರೆಸಿ ಒಂದೇ ಸಾಲಿನಲ್ಲಿ ಹೇಳಿದ್ದು ಸರಿಯಲ್ಲ. ಇಸ್ತಾಂಬುಲ್ಲಿನ ಕುಣಿತದಲ್ಲಿ ಕಾಲಿಗೆ ಕೆಲಸ ಹೆಚ್ಚು, ಲಂಗ ಅದಕ್ಕೆ ತಕ್ಕಂತೆ ತೆರೆದುಕೊಂಡಿದೆ.

ಅಮೆರಿಕದ ‘ಟ್ರೈಬಲ್’ ಶೈಲಿಯ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಕೆರೊಲಿನಾ ನೆರಿಚಿಯೊ 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಟ್ಟಿದ ತಂಡದವರು ತೊಡುವುದು ಚೋಲಿ, ಹತ್ತಾರು ಗಜದ ನೆರಿಗೆ ಲಂಗ, ಆಫ್ಘನ್ ಅಲೆಮಾರಿಗಳ ಬೆಳ್ಳಿ ಬಣ್ಣದ ಒಡವೆ. ಅಲ್ಲಿಂದ ಕವಲೊಡೆದ ಶೈಲಿಯ ರೇಚಲ್ ಬ್ರೈಸ್ ಕವಡೆ, ಉಣ್ಣೆಗೊಂಡೆಗಳ ಭಾರವಾದ ಪಟ್ಟಿ ಕಟ್ಟಿಕೊಂಡು ಹಾವಿನಂತೆ ನಿಧಾನವಾಗಿ ಚಲಿಸುತ್ತಾರೆ. ಆ ಭಾರದಲ್ಲಿ ಕೈರೋದ ಚುರುಕು ನಡುಕ ಮಂಕಾಗುತ್ತದೆ, ಈ ನಿಧಾನಕ್ಕೆ ಮಾತ್ರ ಆ ಭಾರ ಹೇಳಿ ಮಾಡಿಸಿದ್ದು.

ಎಲ್ಲವನ್ನೂ ಸಮರ್ಥಿಸುವ ಹುಮ್ಮಸ್ಸು ನನಗಿಲ್ಲ. ಕೊರಳಿಗೆ ಕಟ್ಟಿಕೊಂಡು ಕೋಲುಗಳಿಂದ ಹರಡುವ ನೆರಿಗೆಯ ಚಿನ್ನದ ರೆಕ್ಕೆಗಳು, ಅದರಲ್ಲೂ ದೀಪ ಪೋಣಿಸಿದವು, ನೃತ್ಯಕ್ಕೆ ಅಪಕಾರವನ್ನೇ ಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ. ಕುಚ್ಚು ಸೊಂಟದ ಮಾತನ್ನು ದೊಡ್ಡದಾಗಿ ಹೇಳುತ್ತದೆ, ರೆಕ್ಕೆ ಸೊಂಟವನ್ನೇ ಮರೆಮಾಡುತ್ತದೆ. ಅದನ್ನು ಬೀಸಲು ತೋಳಿನ ಬಲವಿದ್ದರೆ ಸಾಕು. ತಮ್ಮ ಪುರವಣಿಯ ಮುಖಪುಟಕ್ಕೆ ಆ ರೆಕ್ಕೆಗಳೇ ಆಯ್ಕೆಯಾಗಿದ್ದವು.

ಕೊನೆಯದಾಗಿ ಒಂದು ಕೋರಿಕೆ. ಹನ್ನೊಂದು ಚಿತ್ರಗಳಲ್ಲಿ ಒಂದರ ಕೆಳಗೂ ಉಡುಪು ಹೊಲಿದವರ ಹೆಸರಿರಲಿಲ್ಲ. ಕೆಲವಕ್ಕೆ ನರ್ತಕಿಯ ಹೆಸರೂ ಇರಲಿಲ್ಲ. ಕೈರೋದ ಇಮಾನ್ ಝಕಿ, ಇಸ್ತಾಂಬುಲ್ಲಿನ ಬೆಲ್ಲಾ ಅವರಂಥ ವಿನ್ಯಾಸಕಾರರ ಕೈಗುರುತನ್ನು ಈ ನೃತ್ಯ ಬಲ್ಲವರು ನೋಡಿದೊಡನೆ ಹೇಳಬಲ್ಲರು. ಒಂದೊಂದೇ ಕೊಳವೆಮಣಿಯನ್ನು ಸೂಜಿಯಲ್ಲಿ ಎತ್ತಿ ಹೊಲಿಯುವ ಆ ಕೆಲಸ ಎಷ್ಟು ದಿನ ಹಿಡಿಯುತ್ತದೆಂಬುದು ನನ್ನ ಬೆರಳುಗಳಿಗೆ ಗೊತ್ತು. ಮುಂದೆ ಇಂಥ ಲೇಖನ ಪ್ರಕಟಿಸುವಾಗ ಕುಣಿದವರ ಹೆಸರಿನ ಜೊತೆಗೆ ಹೊಲಿದವರ ಹೆಸರನ್ನೂ ಮುದ್ರಿಸಬೇಕೆಂದೂ, ಸಾಧ್ಯವಾದರೆ ಕುಚ್ಚು ಗಾಳಿಯಲ್ಲಿರುವ ಒಂದು ಚಿತ್ರವನ್ನಾದರೂ ಆರಿಸಿಕೊಳ್ಳಬೇಕೆಂದೂ ಕೋರುತ್ತೇನೆ.

ಇಂತಿ,
ತಮ್ಮ ಓದುಗರಲ್ಲೊಬ್ಬಳು