ಪಿಸ್ತೂಲು ಬಿಚ್ಚುವ ಮೊದಲು

ಫೀನಿಕ್ಸ್, ಅರಿಝೋನಾ
ಆಗಸ್ಟ್ ಕೊನೆಯ ಭಾನುವಾರ

ಪ್ರೀತಿಯ ಮಗಳೇ,

ನೀನು ಕಳಿಸಿದ ಫೋಟೋ ನೋಡಿದೆ. ನಾಲ್ಕು ಸಲ ದೊಡ್ಡದು ಮಾಡಿ ನೋಡಿದೆ. ಸಿಝೆಡ್ 75 ಬಿ, ಸೆಕೆಂಡ್ ಹ್ಯಾಂಡ್, ಅಂಚಿನಲ್ಲೆಲ್ಲ ಕಪ್ಪು ಬಣ್ಣ ಎದ್ದುಹೋಗಿದೆ. ಅದಕ್ಕೆ ಬೇಜಾರು ಬೇಡ. ಗುರಿ ಹೊಡೆಯುವ ಮ್ಯಾಚಿಗೆ ಒಳ್ಳೆ ಪಿಸ್ತೂಲನ್ನೇ ತೆಗೆದುಕೊಂಡಿದ್ದೀಯ. ಎಚ್1ಬಿಯಲ್ಲಿದ್ದಷ್ಟು ವರ್ಷ ಆಸೆ ತಡೆದುಕೊಂಡು, ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೇ ಅಂಗಡಿಗೆ ಹೋದೆಯಲ್ಲ, ಅದು ನನಗೆ ಇನ್ನೂ ಸಂತೋಷ. ಆ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ಕೆಲವು ವಿನಾಯಿತಿ ಬಿಟ್ಟು ತಡೆಯುತ್ತದೆ. ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ನಿನ್ನ ಆಫೀಸಿನ ಹುಡುಗರಿಗೂ ಒಂದು ಮಾತು ಹೇಳಿಡು.

ಫೋಟೋ ಕೆಳಗೆ ನೀನು ಬರೆದಿದ್ದ ಪಟ್ಟಿಯನ್ನೂ ಓದಿದೆ. ಹಗುರದ ಸ್ಪ್ರಿಂಗ್, ಹೊಸ ಹ್ಯಾಮರ್ (ಹಿಂದಿನ ಬಡಿಯುವ ಸುತ್ತಿಗೆ), ಚಪ್ಪಟೆ ಟ್ರಿಗರ್, ಅಲ್ಯುಮಿನಿಯಂ ಹಿಡಿ. "ದೊಡ್ಡಪ್ಪಾ, ಎಲ್ಲಾ ಒಟ್ಟಿಗೇ ಆರ್ಡರ್ ಮಾಡ್ಲಾ?" ಅಂತ ಕೇಳಿದ್ದೀಯ. ಬೇಡ ಮಗಳೇ. ಇನ್ನೂ ಒಂದನ್ನೂ ತರಿಸಬೇಡ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿನ್ನ ಕೈಯಲ್ಲಿರುವುದು ಏನು ಅಂತ ತಿಳಿದುಕೋ. ಚೆಕೊಸ್ಲೊವಾಕಿಯಾದ ಉಹೆರ್ಸ್ಕಿ ಬ್ರೋಡ್ ಎಂಬ ಊರಿನ ಕಾರ್ಖಾನೆಗೆ ಕೌಟ್ಸ್ಕಿ ಅಣ್ಣತಮ್ಮಂದಿರು 1975ರ ಹೊತ್ತಿಗೆ ರೂಪಿಸಿದ ಪಿಸ್ತೂಲು ಇದು. ಸುಮಾರು 1 ಕಿಲೋ ತೂಕ. ಫ್ರೇಮ್, ಅಂದರೆ ಹಿಡಿ ಸೇರಿದ ಕೆಳಗಿನ ಚೌಕಟ್ಟು, ಪೂರ್ತಿ ಉಕ್ಕು. ಬಹುತೇಕ ಪಿಸ್ತೂಲುಗಳಲ್ಲಿ ಮೇಲೆ ಹಿಂದೆ ಮುಂದೆ ಓಡುವ ಭಾಗ, ಸ್ಲೈಡ್, ಫ್ರೇಮನ್ನು ಹೊರಗಿನಿಂದ ತಬ್ಬಿಕೊಂಡು ಓಡುತ್ತದೆ. ಇದರಲ್ಲಿ ಫ್ರೇಮಿನ ಒಳಗೆ ಓಡುತ್ತದೆ. ಹಾಗಾಗಿ ನಳಿಕೆ ಕೈಗೆ ಹತ್ತಿರ ಕೂರುತ್ತದೆ. ಆ ತೂಕಕ್ಕೆ 9 ಮಿ.ಮೀ. ತೋಟೆಯ ಒದೆತ ಮೆತ್ತಗಾಗುತ್ತದೆ, ನಳಿಕೆ ತುದಿಯ ಗುರಿಕಡ್ಡಿ ಬೇಗ ವಾಪಸ್ ಬಂದು ಕೂರುತ್ತದೆ. ನೀನು ದುಡ್ಡು ಕೊಟ್ಟಿರುವುದು ಈ ಗುಣಕ್ಕೆ. ಇದನ್ನು ಯಾವ ಬಿಡಿಭಾಗವೂ ಹೆಚ್ಚಿಸುವುದಿಲ್ಲ. ಒಂದು ತೊಂದರೆ ಇದೆ. ಸ್ಲೈಡ್ ಒಳಗೆ ಇರುವುದರಿಂದ ಹಿಡಿದು ಎಳೆಯಲು ಜಾಗ ಕಮ್ಮಿ. ಬೆವರಿದ ಕೈ ಜಾರುತ್ತದೆ. ಅದಕ್ಕೆ ಅಭ್ಯಾಸವೇ ಬೇಕು.

ಈಗ ಪರೀಕ್ಷೆ. ಮನೆಯಲ್ಲಿ, ಬೆಳಕಿರುವ ಮೇಜಿನ ಮೇಲೆ ಮಾಡು. ತೋಟೆಗಳು ಬೇರೆ ಕೋಣೆಯಲ್ಲಿರಲಿ. ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ) ತೆಗೆ, ಸ್ಲೈಡ್ ಎಳೆದು ಕಣ್ಣಲ್ಲಿ ನೋಡು, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡು. ನಿನ್ನ ತಾತ ಹೀಗೇ ಮಾಡುತ್ತಿದ್ದರು. ಮುಂದಿನ ವಾರ ಕೈಲ್‌ಪೊಳ್ದ್, ನಮ್ಮ ಕೊಡವರ ಆಯುಧಪೂಜೆಯ ಹಬ್ಬ ಅಲ್ವಾ, ಅದಕ್ಕೇ ನೆನಪಾಯಿತು. ಪೂಜೆಗಿಡುವ ಕೋವಿಯ ನಳಿಕೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವ ಮೊದಲು, ವರ್ಷವಿಡೀ ಗೋಡೆಯಿಂದ ಇಳಿಸದ ಕೋವಿಯಾದರೂ ಸರಿ, ಬಿಚ್ಚಿ ತೆರೆದು ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಖಾಲಿ ಇದೆ ಅಂತ ಗೊತ್ತಲ್ಲ ಅಪ್ಪ" ಅಂದರೆ ಉತ್ತರವನ್ನೇ ಕೊಡುತ್ತಿರಲಿಲ್ಲ. ನೋಡುವುದನ್ನು ಮುಗಿಸಿ ಮುಂದಿನ ಕೋವಿಗೆ ಕೈ ಹಾಕುತ್ತಿದ್ದರು.

ಹ್ಯಾಮರ್ ಹಿಂದಕ್ಕೆ ಎತ್ತಿ ನಿಲ್ಲಿಸು. ಬೆರಳು ಟ್ರಿಗರಿನಿಂದ ದೂರ ಇರಲಿ. ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಿನಿಂದ ಮುಂದಕ್ಕೆ ಗಟ್ಟಿಯಾಗಿ ಒತ್ತು. ಬೀಳಬಾರದು. ಬಿದ್ದರೆ ಒಳಗಿನ ಕೊಂಡಿ ಸವೆದಿದೆ, ಇಲ್ಲವೇ ಹಿಂದಿನ ಮಾಲೀಕ ಅರ ಹಾಕಿದ್ದಾನೆ. ಅಂಥದ್ದನ್ನು ರೇಂಜಿಗೆ ಒಯ್ಯಬೇಡ. ಆಮೇಲೆ ಸೇಫ್ಟಿ ಹಾಕಿ ಟ್ರಿಗರ್ ಎಳೆ, ಬಿಡು, ಸೇಫ್ಟಿ ತೆಗೆ. ಆಗಲೂ ಹ್ಯಾಮರ್ ಕದಲಬಾರದು.

ನಳಿಕೆ ಬಿಚ್ಚಿ ಒಳಗೆ ಟಾರ್ಚ್ ಬಿಡು. ಎಲ್ಲೋ ಒಂದು ಕಡೆ ಬಳೆಯಂತೆ ಕಪ್ಪು ಉಂಗುರ ಕಂಡರೆ, ಹಿಂದೆ ಯಾವಾಗಲೋ ಒಂದು ಗುಂಡು ಒಳಗೇ ಸಿಕ್ಕಿಕೊಂಡಿದ್ದಾಗ ಇನ್ನೊಂದನ್ನು ಹೊಡೆದಿದ್ದಾರೆ ಅಂತ ಅರ್ಥ. ಅಂಥ ನಳಿಕೆ ಬದಲಾಯಿಸಲೇಬೇಕು. ನಳಿಕೆಯ ಕೆಳಗೆ ಅಡ್ಡ ಹೋಗುವ ಪಿನ್ನು ಇದೆಯಲ್ಲ, ಸ್ಲೈಡ್ ಸ್ಟಾಪ್, ಅದನ್ನು ಉಗುರಿನ ಮೇಲೆ ಹೊರಳಿಸಿ ಕೂದಲೆಳೆ ಬಿರುಕು ಇದೆಯಾ ನೋಡು. ಈ ಪಿಸ್ತೂಲಿನಲ್ಲಿ ಹೆಚ್ಚಾಗಿ ಮುರಿಯುವ ಭಾಗ ಎರಡೇ ಅಂತ ಹೇಳಬಹುದು. ಒಂದು ಇದು. ಇನ್ನೊಂದು ಟ್ರಿಗರನ್ನು ವಾಪಸ್ ತಳ್ಳುವ ಪುಟ್ಟ ಸ್ಪ್ರಿಂಗು. ಎರಡೂ ಹೇಳದೆ ಕೇಳದೆ ಹೋಗುತ್ತವೆ, ಎರಡೂ ಜಾಸ್ತಿ ಬೆಲೆಯವಲ್ಲ. ನಿನ್ನ ಹತ್ತಿರ ಮೊದಲು ಇರಬೇಕಾದ ಬಿಡಿಭಾಗ ಇವೇ.

ಇನ್ನೊಂದು ಮಾತು, ಇದು ಬಿ ಮಾದರಿಗೇ ಸೇರಿದ್ದು. ಇದರಲ್ಲಿ ಫೈರಿಂಗ್ ಪಿನ್ನನ್ನು, ಅಂದರೆ ತೋಟೆಗೆ ಚುಚ್ಚಿ ಹಾರಿಸುವ ಸೂಜಿಯನ್ನು, ಒಂದು ಸಣ್ಣ ಸುರುಳಿ ಪಿನ್ನು ಹಿಡಿದಿಟ್ಟಿರುತ್ತದೆ. ಖಾಲಿ ಪಿಸ್ತೂಲನ್ನು ಸಾವಿರಾರು ಸಲ ಕಟ್ ಕಟ್ ಅನ್ನಿಸಿದರೆ ಆ ಸುರುಳಿ ನಜ್ಜಾಗುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಡಮ್ಮಿ ತೋಟೆ ಹಾಕಿಕೋ.

ಇದೆಲ್ಲ ಸರಿ ಇದ್ದರೆ ರೇಂಜಿಗೆ ಹೋಗು. 500 ತೋಟೆ ಹೊಡೆ, ಏನನ್ನೂ ಬದಲಾಯಿಸದೆ. ಒಂದೇ ದಿನ ಬೇಡ. ಮ್ಯಾಗಜಿನ್‌ಗಳ ತಳಕ್ಕೆ 1, 2, 3 ಅಂತ ಬರೆ. ಎಲ್ಲಿ ತಡೆಯಿತು, ಯಾವ ಮ್ಯಾಗಜಿನ್, ಯಾವ ಕಂಪನಿಯ ತೋಟೆ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರಲಿ. ಮೇಜಿನ ಮೇಲೆ ಮರಳಿನ ಚೀಲಕ್ಕೆ ಕೈ ಆನಿಸಿ 25 ಗಜಕ್ಕೆ ಐದೈದು ಹೊಡೆದು ಕಾಗದ ಎತ್ತಿಡು. ಗುಂಡು ಎಲ್ಲಿ ಬೀಳುತ್ತದೆ ಅಂತ ತಿಳಿಯದೆ ಗುರಿಕಡ್ಡಿ ಬದಲಾಯಿಸಿದರೆ ತಪ್ಪು ನಿನ್ನ ಕೈಯದ್ದಾ ಪಿಸ್ತೂಲಿನದ್ದಾ ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಸಿಝೆಡ್ ಬಂದ ಹೊಸದರಲ್ಲಿ ಮೊದಲ ಎಳೆತ, ಅಂದರೆ ಹ್ಯಾಮರ್ ಕೆಳಗಿದ್ದಾಗ ಟ್ರಿಗರ್ ಎಳೆಯಲು ಬೇಕಾದ ಬಲ, ಅಳೆದಾಗ 11 ಪೌಂಡ್ ಇತ್ತು. ಬೆರಳು ನಡುಗುತ್ತಿತ್ತು. ಹಿಂದೆ ಮುಂದೆ ನೋಡದೆ ಹ್ಯಾಮರಿನ ಸ್ಪ್ರಿಂಗ್ ತೆಗೆದು ಅದಕ್ಕಿಂತ ಹಗುರದ, 13 ಪೌಂಡಿನದು ಹಾಕಿದೆ (ಇದು ಸ್ಪ್ರಿಂಗಿನ ಬಲ, ಎಳೆತದ್ದಲ್ಲ). ಎಳೆತ ಬೆಣ್ಣೆಯಂತಾಯಿತು. ಮನೆಯಲ್ಲಿ ಒಂದು ವಾರ ಎಳೆದೆಳೆದು ಖುಷಿಪಟ್ಟೆ. ರೇಂಜಿನಲ್ಲಿ ನೂರು ಹೊಡೆದೆ, ಎಲ್ಲ ಹಾರಿದವು. ಮ್ಯಾಚಿನ ಹಿಂದಿನ ದಿನ ಆ ತೋಟೆ ಸಿಗಲಿಲ್ಲ, ಬೇರೆ ಕಂಪನಿಯದು ತಂದೆ. ಅದರ ಪ್ರೈಮರ್, ಅಂದರೆ ಪಿನ್ನು ಬಡಿದಾಗ ಕಿಡಿ ಕೊಡುವ ತಳದ ಬಿಲ್ಲೆ, ಗಟ್ಟಿ.

ಮ್ಯಾಚಿನ ಮೂರನೇ ಸ್ಟೇಜ್, ಅಂದರೆ ಮೂರನೇ ಸುತ್ತು. ಬೀಪ್ ಆಯಿತು, ತೆಗೆದೆ, ಎಳೆದೆ. ಕಟ್. ಸ್ಲೈಡ್ ಎಳೆದು ಆ ತೋಟೆ ಬಿಸಾಕಿ ಮುಂದುವರಿದೆ. ಆರನೇ ಗುರಿಯಲ್ಲಿ ಮತ್ತೆ ಕಟ್. ಮುಗಿದ ಮೇಲೆ ನೆಲದಿಂದ ಆ ಎರಡು ತೋಟೆ ಹೆಕ್ಕಿ ನೋಡಿದೆ. ಪ್ರೈಮರಿನ ಮೇಲೆ ಪಿನ್ನಿನ ಗುರುತು ಇತ್ತು. ಆದರೆ ಸೂಜಿಮೊನೆ ತಾಗಿದಷ್ಟೇ. ಹೊಡೆದ ಖಾಲಿ ಕೋಶದ ಗುಂಡಿ ಪಕ್ಕದಲ್ಲಿಟ್ಟರೆ ಆಳದ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತಿತ್ತು. ಆ ಎರಡು ತೋಟೆ ನೋಡಿದ ಮೇಲೆ, ಅವತ್ತಿನಿಂದ ಎಲ್ಲರ ಖಾಲಿ ಕೋಶದ ಪ್ರೈಮರ್ ಗುಂಡಿ ನೋಡುವ ಅಭ್ಯಾಸ ಬಂದುಬಿಟ್ಟಿದೆ.

ಲೆಕ್ಕ ಹಾಕು. ಸ್ಟೇಜಿಗೆ 120 ಪಾಯಿಂಟ್ ಇದೆ, ನೀನು ಅಷ್ಟನ್ನೂ 20 ಸೆಕೆಂಡಿನಲ್ಲಿ ಗಳಿಸಿದೆ ಅಂದುಕೋ. ಪಾಯಿಂಟನ್ನು ಸಮಯದಿಂದ ಭಾಗಿಸಿದರೆ ಹಿಟ್ ಫ್ಯಾಕ್ಟರ್ 6. ಎರಡು ಸಲ ತೋಟೆ ಹಾರಲಿಲ್ಲ, ಒಂದೊಂದಕ್ಕೆ 3 ಸೆಕೆಂಡ್ ಹೋಯಿತು. 26 ಸೆಕೆಂಡ್. ಹಿಟ್ ಫ್ಯಾಕ್ಟರ್ 4.6ಕ್ಕೆ ಇಳಿಯಿತು. ಹಗುರದ ಟ್ರಿಗರ್ ಇಡೀ ಸ್ಟೇಜಿನಲ್ಲಿ ನಿನಗೆ ಉಳಿಸಿಕೊಡುವುದು ಸೆಕೆಂಡಿನ ಸಣ್ಣ ಪಾಲು. ಅದಕ್ಕಾಗಿ 6 ಸೆಕೆಂಡ್ ಒತ್ತೆ ಇಟ್ಟೆ ನಾನು.

ಹಾಗಾಗಿ ಸ್ಪ್ರಿಂಗ್ ಬದಲಾಯಿಸುವುದಾದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿ. ಮೊದಲು 18 ಪೌಂಡಿನದು, ಆಮೇಲೆ ಬೇಕಿದ್ದರೆ 15. ಪ್ರತಿ ಮೆಟ್ಟಿಲಿಗೂ ನೀನು ಮ್ಯಾಚಿನಲ್ಲಿ ಬಳಸುವ ಅದೇ ತೋಟೆ 200 ಹೊಡೆ. ಒಂದೇ ಒಂದು ಹಾರದಿದ್ದರೂ ಹಿಂದಿನ ಸ್ಪ್ರಿಂಗಿಗೆ ವಾಪಸ್. ಫೆಡರಲ್ ಪ್ರೈಮರ್ ಮೆದು, ಹಗುರ ಸ್ಪ್ರಿಂಗಿಗೆ ಹೊಂದುತ್ತದೆ. ಆದರೆ ಅದು ಯಾವಾಗಲೂ ಅಂಗಡಿಯಲ್ಲಿ ಇರುತ್ತದೆ ಅಂತ ನಂಬಿ ಕೂರಬೇಡ. ತೋಟೆ ಹಾರದಿದ್ದಾಗ ಅಭ್ಯಾಸದಲ್ಲಿ ಆತುರ ಬೇಡ. ನಳಿಕೆ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾದು ಆಮೇಲೆ ತೆಗೆ, ಕೆಲವು ತಡವಾಗಿ ಹಾರುತ್ತವೆ. ಪುಸ್ ಅಂತ ಸಣ್ಣ ಸದ್ದು ಬಂದರಂತೂ ಅಲ್ಲೇ ನಿಲ್ಲಿಸಿ, ಪಿಸ್ತೂಲು ಖಾಲಿ ಮಾಡಿ, ಗುಂಡು ಒಳಗೇ ಸಿಕ್ಕಿಕೊಂಡಿದೆಯಾ ಅಂತ ನಳಿಕೆ ನೋಡು.

ಹ್ಯಾಮರ್ ಮತ್ತು ಅದನ್ನು ಹಿಡಿಯುವ ಕೊಂಡಿಯ ಮೂಲೆಗಳಿಗೆ ನೀನು ಕೈ ಹಾಕಲೇಬೇಡ. ಟ್ರಿಗರ್ ಬಾರ್ (ಟ್ರಿಗರಿನ ಎಳೆತವನ್ನು ಹಿಂದಕ್ಕೆ ಒಯ್ಯುವ ಪಟ್ಟಿ) ಉಜ್ಜುವ ಜಾಗಕ್ಕೆ ಬಟ್ಟೆಯಲ್ಲಿ ಪಾಲಿಷ್ ಹಚ್ಚಿ ಹೊಳಪು ಕೊಡು, ಸಾಕು. ನನಗೆ ಗೊತ್ತಿದ್ದ ಒಬ್ಬರ ಪಿಸ್ತೂಲನ್ನು ಒಂದು ಅಂಗಡಿಯವರು ಜಾಸ್ತಿ ಅರೆದುಬಿಟ್ಟಿದ್ದರು. ಒಂದು ಸಲ ಎಳೆದರೆ ಎರಡು ಈಡು ಹೋದವು. ಎರಡನೆಯದು ಗುಂಡು ತಡೆಯುವ ಮಣ್ಣಿನ ದಿಬ್ಬದ ತುದಿಗೆ ಬಡಿಯಿತು. ಇನ್ನೊಂದು ಅಡಿ ಮೇಲೆ ಹೋಗಿದ್ದರೆ ಅಂತ ಈಗಲೂ ಯೋಚನೆ ಬರುತ್ತದೆ. ಹೊಸ ಹ್ಯಾಮರ್ ಬೇಕೆನಿಸಿದರೆ ಒಂದು ವರ್ಷ ಕಳೆಯಲಿ, ಈ ಪಿಸ್ತೂಲಿನದೇ ಕೆಲಸ ಮಾಡುವವರ ಹತ್ತಿರ ಕೊಡು. ಬಿ ಮಾದರಿಯ ಫೈರಿಂಗ್ ಪಿನ್ ಬ್ಲಾಕ್ ತೆಗೆದರೆ ಎಳೆತ ಚೆನ್ನಾಗಿರುತ್ತದೆ ಅಂತ ಯಾರಾದರೂ ಹೇಳುತ್ತಾರೆ. ನಿಜ, ಚೆನ್ನಾಗಿರುತ್ತದೆ. ಆದರೂ ತೆಗೆಯಬೇಡ. ಪಿಸ್ತೂಲು ಕೈ ಜಾರಿ ಬಿದ್ದಾಗ ಪಿನ್ನು ಪ್ರೈಮರಿಗೆ ತಾಗದಂತೆ ತಡೆಯುವುದು ಅದೇ.

ದುಡ್ಡಿಲ್ಲದೆ ಆಗುವ ಒಳ್ಳೆ ಕೆಲಸ ಒಂದಿದೆ. ಗುಂಡಿ ಒತ್ತಿದರೆ ನಿನ್ನ ಮ್ಯಾಗಜಿನ್ ಅರ್ಧ ಇಳಿದು ನಿಲ್ಲುತ್ತದೆ ಅಂದಿದ್ದೆಯಲ್ಲ, ಕೆಟ್ಟಿಲ್ಲ ಅದು. ಹಿಡಿಯ ಒಳಗೆ ಹಿಂಬದಿಯಲ್ಲಿ ಬಾಗಿದ ಒಂದು ತೆಳು ತಗಡು ಇದೆ, ಮ್ಯಾಗಜಿನ್ ಪೂರ್ತಿ ಜಾರದಂತೆ ಅದು ತಡೆಯುತ್ತದೆ. ಬಿಚ್ಚಿ ನೇರ ಮಾಡಿ ಕೂರಿಸಿದರೆ ಮ್ಯಾಗಜಿನ್ ತಾನಾಗಿ ಬೀಳುತ್ತದೆ. ಹಿಡಿಯ ಹಲಗೆ ನಿನ್ನ ಸಣ್ಣ ಕೈಗೆ ತೆಳುವಾದದ್ದೇ ಸರಿ, ಟ್ರಿಗರಿಗೆ ಬೆರಳು ಚೆನ್ನಾಗಿ ಸಿಗುತ್ತದೆ. ತುದಿಯ ಗುರಿಕಡ್ಡಿಗೆ ಕೆಂಪು ಫೈಬರ್ ಹಾಕಿಸು. ಯಾವುದನ್ನೇ ಕೊಳ್ಳುವ ಮೊದಲೂ ಮ್ಯಾಚಿನಲ್ಲಿ ನೀನು ಆಡುವ ಡಿವಿಷನ್ನಿನ (ವಿಭಾಗದ) ಈ ವರ್ಷದ ನಿಯಮ ತೆರೆದು ಓದು.

ಪ್ರೊಡಕ್ಷನ್ ಡಿವಿಷನ್ನಿನಲ್ಲಿ ಹ್ಯಾಮರ್ ಕೆಳಗಿಟ್ಟೇ ಶುರು ಮಾಡಬೇಕು. ನಿನ್ನ ಪಿಸ್ತೂಲಿನಲ್ಲಿ ಅದನ್ನು ಇಳಿಸುವ ಸನ್ನೆ ಇಲ್ಲ, ಕೈಯಲ್ಲೇ ಇಳಿಸಬೇಕು. ಒಳಗೆ ತೋಟೆ ಇರುತ್ತದೆ. ನನಗೆ ನಿಜವಾಗಿ ಭಯ ಇರುವುದು ಇದೊಂದಕ್ಕೇ. "ಮೇಕ್ ರೆಡಿ" (ತುಂಬಿ ಸಿದ್ಧವಾಗು) ಅಂದ ಮೇಲೆ ನಳಿಕೆ ದಿಬ್ಬಕ್ಕೆ ನೇರ ಇಡು. ಎಡಗೈ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹ್ಯಾಮರನ್ನು ಎರಡೂ ಬದಿಯಿಂದ ಚಿವುಟಿ ಹಿಡಿ. ಟ್ರಿಗರ್ ಎಳೆ. ಹ್ಯಾಮರ್ ಬಿಟ್ಟುಕೊಂಡ ತಕ್ಷಣ ಟ್ರಿಗರಿನಿಂದ ಬೆರಳು ತೆಗೆ, ಆಗ ಆ ಬ್ಲಾಕ್ ಮತ್ತೆ ಅಡ್ಡ ಬರುತ್ತದೆ. ಆಮೇಲೆ ನಿಧಾನವಾಗಿ ಇಳಿಸು. ಡಮ್ಮಿ ತೋಟೆ ಹಾಕಿ 300 ಸಲ ಮಾಡಿದ ಮೇಲೇ ನಿಜವಾದದ್ದು. ಜಾರಿ ಹಾರಿದರೆ ಆ ದಿನದ ಮ್ಯಾಚಿನಿಂದ ಹೊರಗೆ. ಯಾರಿಗೂ ಪೆಟ್ಟಾಗದಿದ್ದರೆ ಅದೇ ಪುಣ್ಯ.

ಆ ಭಾರದ ಮೊದಲ ಎಳೆತಕ್ಕೂ ಮನೆಯಲ್ಲೇ ಮದ್ದಿದೆ. ತುದಿಯ ಗುರಿಕಡ್ಡಿಯ ಹಿಂದೆ ಸ್ಲೈಡ್ ಮೇಲೆ ಒಂದು ನಾಣ್ಯ ಇಡು. ಬೀಳದಂತೆ ಎಳೆ. ದಿನಕ್ಕೆ ಹತ್ತು ನಿಮಿಷ. ಎರಡು ತಿಂಗಳು ಹೋದರೆ 11 ಪೌಂಡ್ ಅಂತ ಅನಿಸುವುದೇ ಇಲ್ಲ.

ತೋಟೆ ನೀನೇ ತುಂಬಿಸಿಕೊಳ್ಳುವ ಆಸೆ ಇದ್ದರೆ ಇಷ್ಟು ನೆನಪಿಟ್ಟುಕೋ. ಗುಂಡಿನ ತೂಕ ಗ್ರೇನ್‌ನಲ್ಲಿ, ವೇಗ ಸೆಕೆಂಡಿಗೆ ಅಡಿಯಲ್ಲಿ, ಗುಣಿಸಿ 1000ದಿಂದ ಭಾಗಿಸಿದರೆ ಮ್ಯಾಚಿಗೆ ಕನಿಷ್ಠ 125 ಬರಬೇಕು. 124 ಗ್ರೇನ್ ಗುಂಡು 1050 ಅಡಿ ಹೋದರೆ 130, ಸಾಕು. ಸಿಝೆಡ್ ನಳಿಕೆಯ ಗಂಟಲು ಗಿಡ್ಡ. ಬೇರೆ ಪಿಸ್ತೂಲಿಗೆ ಸರಿಹೋದ ಉದ್ದದ ತೋಟೆ ಇದರಲ್ಲಿ ಸಿಕ್ಕಿಕೊಳ್ಳುತ್ತದೆ. ನಳಿಕೆ ಬಿಚ್ಚಿ ತೋಟೆ ಒಳಗೆ ಬಿಡು. ಟಣ್ ಅಂತ ಕೂರಬೇಕು, ಬೆರಳಲ್ಲಿ ತಿರುಗಬೇಕು, ಬೋರಲು ಮಾಡಿದರೆ ತಾನೇ ಬೀಳಬೇಕು.

ಡಿಸೆಂಬರಿನಲ್ಲಿ ಊರಿಗೆ ಹೋಗುತ್ತೀಯ ಅಂತ ನಿನ್ನ ಅಮ್ಮ ಹೇಳಿದಳು. ರೇಂಜಿಗೆ ಒಯ್ಯುವ ಚೀಲವನ್ನು ಯಾವತ್ತೂ ಪ್ರಯಾಣಕ್ಕೆ ಬಳಸಬೇಡ. ಆ ಜಾಕೆಟ್ ಕೂಡ ಬೇಡ. ಜೇಬಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟೆ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಆಯುಧ ಕಾಯ್ದೆಯಲ್ಲಿ ಕೇಸಾಗುತ್ತದೆ. ಊರಿನಲ್ಲಿ ಕೊಡವರಾದ ನಮಗಿರುವ ಕೋವಿ ಲೈಸೆನ್ಸಿನ ವಿನಾಯಿತಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇಲ್ಲಿ ಇನ್ನೂ ಬಿಸಿಲು ಇಳಿದಿಲ್ಲ. ಬೆನ್ ಏವರಿ ರೇಂಜಿನಲ್ಲಿ ಬೆಳಿಗ್ಗೆ ಎಂಟಕ್ಕೇ ಉಕ್ಕು ಕೈ ಸುಡುತ್ತದೆ, ಒದ್ದೆ ಟವೆಲಿನಲ್ಲಿ ಸುತ್ತಿಡುತ್ತೇನೆ. ನನ್ನ ಹತ್ತಿರ ಒಂದು ಹೊಸ ಸ್ಲೈಡ್ ಸ್ಟಾಪ್, ಎರಡು ಟ್ರಿಗರ್ ಸ್ಪ್ರಿಂಗ್, ಐದು ಡಮ್ಮಿ ತೋಟೆ ಹೆಚ್ಚಿಗೆ ಇವೆ. ನಾಳೆ ಪೋಸ್ಟ್ ಮಾಡುತ್ತೇನೆ. ಹಗುರದ ಸ್ಪ್ರಿಂಗೂ ಇದೆ, ಅದನ್ನು ಈಗ ಕಳಿಸುವುದಿಲ್ಲ. 500 ಆದ ಮೇಲೆ ನಿನ್ನ ನೋಟ್‌ಬುಕ್ಕಿನ ಪುಟಗಳ ಫೋಟೋ ಕಳಿಸು, ನೋಡಿ ಹೇಳುತ್ತೇನೆ.

ಪ್ರೀತಿಯಿಂದ,
ನಿನ್ನ ದೊಡ್ಡಪ್ಪ