ಅದಿತಿ ಅಶೋಕ್ ಗೆದ್ದ ಟೂರ್ನಿಗಳ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಏನೇ ವರದಿ ಬಂದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೂದಲೆಳೆಯ ಅಂತರದಲ್ಲಿ ಪದಕ ತಪ್ಪಿದ ಮಾತು ಅದರಲ್ಲಿ ಬಂದೇ ಬರುತ್ತದೆ. ಅವರು ಗೆದ್ದ ಟೂರ್ನಿಗಳ ಹೆಸರು ಮಾತ್ರ ಅಪರೂಪ. ಒಬ್ಬ ವೃತ್ತಿಪರ ಆಟಗಾರ್ತಿಯ ಸಾಧನೆಯನ್ನು ನಾಲ್ಕು ವರ್ಷಕ್ಕೊಮ್ಮೆ ಬರುವ ಒಂದೇ ಕೂಟದಿಂದ ಅಳೆಯುವುದು ನ್ಯಾಯವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

2015ರ ಡಿಸೆಂಬರ್‌ನಲ್ಲಿ ಮೊರಾಕ್ಕೊದಲ್ಲಿ ನಡೆದ ಲೇಡೀಸ್ ಯುರೋಪಿಯನ್ ಟೂರ್‌ನ (ಯುರೋಪಿನ ವೃತ್ತಿಪರ ಮಹಿಳಾ ಗಾಲ್ಫ್ ಸರಣಿ) ಅರ್ಹತಾ ಟೂರ್ನಿಯನ್ನು ಗೆದ್ದ ಅದಿತಿ, ಮರುತಿಂಗಳೇ ವೃತ್ತಿಪರರಾದರು; ಆಗ ಅವರಿಗೆ 17 ವರ್ಷ. 2016ರ ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದು, ಯುರೋಪಿಯನ್ ಟೂರ್ ಪ್ರಶಸ್ತಿ ಪಡೆದ ಭಾರತದ ಮೊದಲ ಮಹಿಳೆ ಎನಿಸಿದರು. ಅದರ ಬೆನ್ನಿಗೇ ಕತಾರ್ ಓಪನ್ ಕೂಡ ಅವರ ಪಾಲಾಯಿತು. 2017ರಲ್ಲಿ ಅಬುಧಾಬಿ, 2023ರ ಆರಂಭದಲ್ಲಿ ಕೆನ್ಯಾ, ಅದೇ ವರ್ಷದ ಕೊನೆಯಲ್ಲಿ ಸ್ಪೇನ್: ಹೀಗೆ ಐದು ಪ್ರಶಸ್ತಿಗಳು. ಕೆನ್ಯಾದಲ್ಲಂತೂ ಗೆಲುವಿನ ಅಂತರ ಒಂಬತ್ತು ಸ್ಟ್ರೋಕ್‌ಗಳು, ಅಂದರೆ ಚೆಂಡಿಗೆ ಹೊಡೆಯುವ ಹೊಡೆತಗಳು. ಗಾಲ್ಫ್‌ನಲ್ಲಿ ಒಂದೆರಡು ಸ್ಟ್ರೋಕ್‌ಗಳಲ್ಲೇ ಬಹುಪಾಲು ಟೂರ್ನಿಗಳು ತೀರ್ಮಾನವಾಗುವುದನ್ನು ಬಲ್ಲವರಿಗೆ ಇದರ ತೂಕ ತಿಳಿದೀತು. ಅದೇ 2023ರಲ್ಲಿ ಅಮೆರಿಕದ ವೃತ್ತಿಪರ ಮಹಿಳಾ ಗಾಲ್ಫ್ ಸರಣಿಯಾದ ಎಲ್‌ಪಿಜಿಎ ಟೂರ್‌ನ ಲಾಸ್ ಏಂಜಲೀಸ್ ಟೂರ್ನಿಯಲ್ಲಿ ಅವರು ಪ್ಲೇಆಫ್‌ವರೆಗೆ (ಸಮಬಲವಾದಾಗ ಆಡಿಸುವ ಹೆಚ್ಚುವರಿ ಆಟ) ಹೋಗಿ, ಆಸ್ಟ್ರೇಲಿಯಾದ ಹಾನಾ ಗ್ರೀನ್ ಅವರೆದುರು ಸೋತರು.

ಟೋಕಿಯೊದ ಸಾಧನೆಯೂ ನಮ್ಮ ಓದುಗರಿಗೆ ಸರಿಯಾಗಿ ತಲುಪಲಿಲ್ಲ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನಾನು, ಕ್ರೀಡಾಪುಟದಿಂದ ಆ ವರದಿಯನ್ನು ಕತ್ತರಿಸಿ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿದ್ದೆ. ಅದನ್ನು ಓದಿದ ಹುಡುಗಿಯೊಬ್ಬಳು, ‘ಮೈನಸ್ ಹದಿನೈದು ಅಂದ್ರೆ ಸೋತಂಗಲ್ವಾ ಸರ್?’ ಎಂದು ಕೇಳಿದಳು. ಕಬಡ್ಡಿ, ಕೊಕ್ಕೊಗಳಲ್ಲಿ ಅಂಕ ಹೆಚ್ಚಿದಷ್ಟೂ ಗೆಲುವೆಂದು ಕಲಿತ ಮಗುವಿನ ಪ್ರಶ್ನೆ ಸಹಜವೇ. ಉತ್ತರ ಮಾತ್ರ ವರದಿಯಲ್ಲಿರಲಿಲ್ಲ. ಗಾಲ್ಫ್‌ನಲ್ಲಿ ಕಡಿಮೆ ಸ್ಟ್ರೋಕ್‌ಗಳಲ್ಲಿ ಮುಗಿಸಿದವರೇ ಮುಂದೆ. ಟೋಕಿಯೊದ ಅಂಗಳದ 18 ಹೋಲ್‌ಗಳನ್ನು (ಚೆಂಡು ಬೀಳಿಸಬೇಕಾದ ಕುಳಿಗಳು) ಮುಗಿಸಲು ನಿಗದಿಯಾಗಿದ್ದ ಸ್ಟ್ರೋಕ್‌ಗಳು, ಅಂದರೆ ಪಾರ್, 71. ನಾಲ್ಕು ಸುತ್ತಿಗೆ 284. ಅದಿತಿ 269ರಲ್ಲೇ ಮುಗಿಸಿದ್ದರಿಂದ ಮೈನಸ್ 15. ಚಿನ್ನ ಗೆದ್ದ ನೆಲ್ಲಿ ಕೊರ್ಡಾ ತೆಗೆದುಕೊಂಡದ್ದು 267, ಬೆಳ್ಳಿ ಮತ್ತು ಕಂಚಿಗೆ ಪ್ಲೇಆಫ್ ಆಡಿದ ಮೋನೆ ಇನಾಮಿ ಹಾಗೂ ಲಿಡಿಯಾ ಕೊ ತಲಾ 268. ನಾಲ್ಕು ದಿನಗಳ ಆಟದ ನಂತರ ಅದಿತಿಗೂ ಪದಕಕ್ಕೂ ನಡುವೆ ಉಳಿದದ್ದು ಒಂದೇ ಸ್ಟ್ರೋಕ್. ಅವರು ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದು, ಕೋವಿಡ್‌ನಿಂದ ಚೇತರಿಸಿಕೊಂಡು ಹೆಚ್ಚು ದಿನವಾಗದೆ, ದೂರದ ಹೊಡೆತಗಳಲ್ಲಿ ಹಿಂದೆ ಬಿದ್ದು, ಪಟ್ಟಿಂಗ್‌ನ (ಕುಳಿಯ ಹತ್ತಿರದಿಂದ ಚೆಂಡನ್ನು ಮೆಲ್ಲನೆ ಉರುಳಿಸುವ ಹೊಡೆತ) ಬಲದಿಂದಲೇ ಇಷ್ಟು ಮೇಲೆ ಬಂದಿದ್ದರು. ಅಂದು ಅವರ ಬ್ಯಾಗ್ ಹೊತ್ತು ಕ್ಯಾಡಿಯಾಗಿ ಜೊತೆಗೆ ನಡೆದವರು ಅವರ ತಾಯಿ.

ಹಿನ್ನಡೆಗಳನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮೂರನೇ ಸುತ್ತಿನಲ್ಲಿ 61 ಸ್ಟ್ರೋಕ್‌ಗಳ ಅಮೋಘ ಆಟವಾಡಿ ಏಳು ಸ್ಟ್ರೋಕ್‌ಗಳ ಮುನ್ನಡೆ ಪಡೆದಿದ್ದ ಅವರು, ಕೊನೆಯ ದಿನ 77ಕ್ಕೆ ಕುಸಿದು ಥಾಯ್ಲೆಂಡ್‌ನ ಆಟಗಾರ್ತಿಗೆ ಚಿನ್ನ ಬಿಟ್ಟುಕೊಟ್ಟರು. ಅದನ್ನು ಬರೆಯಲೇಬೇಕು; ಆದರೆ ಆ ಬೆಳ್ಳಿ, ಏಷ್ಯನ್ ಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ದೊರೆತ ಮೊದಲ ಪದಕ ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಗಾಲ್ಫ್ ಟೂರ್ನಿಗಳು ಸಾಮಾನ್ಯವಾಗಿ ಭಾನುವಾರ ಮುಗಿಯುವುದರಿಂದ, ಅದಿತಿ ಆಡಿದ ವಾರಗಳಲ್ಲಿ ಸೋಮವಾರ ಅಥವಾ ಮಂಗಳವಾರದ ಕ್ರೀಡಾಪುಟದಲ್ಲಿ ಅವರ ಸ್ಥಾನ, ನಾಲ್ಕೂ ಸುತ್ತುಗಳ ಸ್ಟ್ರೋಕ್‌ಗಳು ಹಾಗೂ ಆ ಅಂಗಳದ ಪಾರ್ ಎಷ್ಟೆಂಬುದನ್ನು ನಾಲ್ಕು ಸಾಲಿನಲ್ಲಾದರೂ ಪ್ರಕಟಿಸಬೇಕು.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ವಿದ್ಯಾನಗರ, ದಾವಣಗೆರೆ